ಆಫ್ರಿಕಾಕ್ಕೆ ಹೋಗಿ ಪ್ರಾಣಿ ಉಳಿಸೋ ಕೆಲಸ ಮಾಡಬಹುದಾ ಸಾರ್?

ವನ್ಯಜೀವಿಗಳ ಬಗ್ಗೆ ಬರೆಯುವ ನನಗೆ ಕಾಲೇಜು ಹುಡುಗ ಹುಡುಗಿಯರು ಪದೇ ಪದೇ ಕೇಳುವ ಪ್ರಶ್ನೆ ಇದು. ಆಸೆಯೇನೋ ಒಳ್ಳೆಯದೇ. ಆದರೆ ಅಲ್ಲಿ ಕೊರತೆ ಇರುವುದು ನಮ್ಮ ಕೈಗಳದ್ದಲ್ಲ, ಅಲ್ಲಿನ ಮಕ್ಕಳ ಓದಿಗೆ ದಾರಿಯದ್ದು. ಮೊಜಾಂಬಿಕ್ ದೇಶದ ಗೊರೊಂಗೋಸಾ ಕಾಡನ್ನೇ ನೋಡಿ.

1960ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಾಡನ್ನು 1977ರಿಂದ 1992ರವರೆಗಿನ ಅಂತರ್ಯುದ್ಧ ಬರಿದು ಮಾಡಿತು. ಮಾಂಸ ಸೈನಿಕರ ಹೊಟ್ಟೆಗೆ, ದಂತ ಬಂದೂಕಿನ ಖರ್ಚಿಗೆ. 1972ರಲ್ಲಿ 2,500 ದಾಟಿದ್ದ ಆನೆಗಳು 2000ದ ಹೊತ್ತಿಗೆ 250 ಕೂಡ ಇರಲಿಲ್ಲ. ನಮ್ಮ ಹೆಣ್ಣಾನೆಗಳಿಗೆ ಹೊರಚಾಚಿದ ದಂತ ಇರುವುದಿಲ್ಲ. ಆಫ್ರಿಕಾದಲ್ಲಿ ಸಾಮಾನ್ಯವಾಗಿ ಹೆಣ್ಣಿಗೂ ಇರುತ್ತದೆ. ದಂತವಿದ್ದವು ಗುಂಡಿಗೆ ಬಲಿಯಾದವು, ಹುಟ್ಟಿನಿಂದಲೇ ದಂತವಿಲ್ಲದ ಹೆಣ್ಣಾನೆಗಳು ಬದುಕಿಕೊಂಡವು. ಯುದ್ಧಕ್ಕೆ ಮುಂಚೆ ನೂರಕ್ಕೆ ಸುಮಾರು 18 ಇದ್ದ ಅಂಥ ಹೆಣ್ಣಾನೆಗಳು ಆಮೇಲೆ 50ರ ಆಸುಪಾಸಿಗೆ ಬಂದವು. ತಾಯಿಯಿಂದ ಮಗಳಿಗೆ ಇಳಿಯುವ ಗುಣ ಅದು ಎಂದು 2021ರ ಅಧ್ಯಯನವೊಂದು ತೋರಿಸಿತು.

2004ರಲ್ಲಿ ಅಮೆರಿಕದ ಉದ್ಯಮಿ ಗ್ರೆಗ್ ಕಾರ್ ಅವರ ಪ್ರತಿಷ್ಠಾನ ಸರ್ಕಾರದ ಜೊತೆ ಕೈಜೋಡಿಸಿತು. ಕಾಡೆಮ್ಮೆಗಳನ್ನು ಹೊರಗಿನಿಂದ ತಂದು ಬಿಟ್ಟರು. ದುಡ್ಡಿದ್ದರೆ ಅಷ್ಟು ಮಾಡಬಹುದು ಬಿಡಿ. ನನಗೆ ಹೆಚ್ಚು ಅನ್ನಿಸುವುದು ಉದ್ಯಾನದೊಳಗಿನ ಚಿಟೆಂಗೊ ಕ್ಯಾಂಪ್. ಅಲ್ಲಿ ಸಂರಕ್ಷಣಾ ಜೀವಶಾಸ್ತ್ರದ ಸ್ನಾತಕೋತ್ತರ ಕೋರ್ಸ್ ನಡೆಯುತ್ತದೆ, ಓದುವವರು ಮೊಜಾಂಬಿಕ್‌ನವರೇ. ಪಾಠವೂ ಕಾಡಲ್ಲೇ, ಲ್ಯಾಬೂ ಕಾಡಲ್ಲೇ.

ಉದ್ಯಾನದ ಆನೆ ಅಧ್ಯಯನದ ಮುಂದಾಳು ಡೊಮಿನಿಕ್ ಗೊನ್ಸಾಲ್ವೆಸ್ ಆ ದೇಶದವರೇ. ಆನೆಗಳು ಪುಂಗ್ವೆ ನದಿ ದಾಟಿ ಹೊಲಕ್ಕೆ ನುಗ್ಗುತ್ತವೆ. ದಾಟುವ ಜಾಗದಲ್ಲಿ ಜೇನುಪೆಟ್ಟಿಗೆಗಳನ್ನು ತಂತಿಗೆ ತೂಗುಹಾಕುತ್ತಾರೆ. ಆನೆ ತಂತಿಗೆ ತಾಗಿದರೆ ಪೆಟ್ಟಿಗೆ ಅಲುಗಿ ಜೇನು ಏಳುತ್ತದೆ, ಆನೆ ಹೆದರಿ ಹಿಂದೆ ಸರಿಯುತ್ತದೆ. (ಇದೇ ಉಪಾಯವನ್ನು 2021ರಲ್ಲಿ ನಾಗರಹೊಳೆ ಅಂಚಿನಲ್ಲೂ ಪ್ರಯೋಗಿಸಿದರು.) ರಾತ್ರಿಯೆಲ್ಲ ಮೆಕ್ಕೆಜೋಳ ಕಾಯುವ ರೈತನ ಸಿಟ್ಟನ್ನು ಅವನ ಭಾಷೆಯಲ್ಲೇ ಕೇಳಿಸಿಕೊಳ್ಳುವವರು ಬೇಕು. ಮೂರು ವಾರಕ್ಕೆಂದು ಬಂದ ನಾವು ಅಲ್ಲಿ ಏನು ಮಾತಾಡುತ್ತೇವೆ?

ಇನ್ನೂ ಕೆಳಗಿನಿಂದಲೂ ಶುರು ಮಾಡಿದ್ದಾರೆ. ಸುತ್ತಲ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಕ್ಲಬ್‌ಗಳಿವೆ. ಚಿಕ್ಕ ವಯಸ್ಸಿಗೇ ಮದುವೆಯಾಗಿ ಶಾಲೆ ಬಿಡದಂತೆ ನೋಡಿಕೊಳ್ಳುವುದೇ ಮುಖ್ಯ ಕೆಲಸ. ಹುಡುಗಿ ಶಾಲೆಯಲ್ಲಿ ಉಳಿದರೆ ತಾನೇ ನಾಳೆ ಚಿಟೆಂಗೊಗೆ ಬರುವುದು.

ಹಾಗಾದರೆ ನೀವೇನು ಮಾಡಬೇಕು? ಓದಬೇಕೆಂದರೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲೇ (ಎನ್‌ಸಿಬಿಎಸ್) ವನ್ಯಜೀವಿ ಎಂಎಸ್ಸಿ ಇದೆ. ಆಫ್ರಿಕಾ ನೋಡಬೇಕೆಂದರೆ ಪ್ರವಾಸಿಯಾಗಿ ಹೋಗಿ, ಉದ್ಯಾನದ ಪ್ರವೇಶ ಶುಲ್ಕ ಕಟ್ಟಿ, ಸ್ಥಳೀಯ ಗೈಡ್‌ಗೆ ಸರಿಯಾಗಿ ಕೂಲಿ ಕೊಡಿ. ದುಡ್ಡು ಕಟ್ಟಿಸಿಕೊಂಡು ಸಿಂಹದ ಮರಿಗೆ ಬಾಟಲಿ ಹಾಲು ಕುಡಿಸಲು ಬಿಡುವ 'ವಾಲಂಟಿಯರ್' ಪ್ಯಾಕೇಜ್‌ಗಳ ತಂಟೆಗೆ ಮಾತ್ರ ಹೋಗಬೇಡಿ. ದಕ್ಷಿಣ ಆಫ್ರಿಕಾದಲ್ಲಿ ಹಾಗೆ ಸಾಕಿದ ಎಷ್ಟೋ ಮರಿಗಳು ದೊಡ್ಡವಾದ ಮೇಲೆ ಬೇಲಿಯೊಳಗೇ ಹಣವಂತ ಬೇಟೆಗಾರರ ಗುಂಡಿಗೆ ಗುರಿಯಾಗಿವೆ.