ಕರಗಿ ಮತ್ತೆ ಗಟ್ಟಿಯಾದ ಬ್ಲಡ್‌ವರ್ಮ್

ರಾತ್ರಿ ಯಾರೋ ಫ್ರೀಜರ್ ಪ್ಲಗ್ ಕಿತ್ತು ಮೊಬೈಲ್ ಚಾರ್ಜ್‌ಗೆ ಹಾಕಿದ್ದಾರೆ. ಬೆಳಿಗ್ಗೆ ಸದ್ದಿಲ್ಲದೆ ಮತ್ತೆ ಸಿಕ್ಕಿಸಿದ್ದಾರೆ. ಒಬ್ಬರೂ ಬಾಯಿ ಬಿಡಲಿಲ್ಲ.

ಸಂಜೆ ಡಿಸ್ಕಸ್ ಎಂಬ ಅಕ್ವೇರಿಯಂ ಮೀನಿನ ಟ್ಯಾಂಕ್‌ಗೆ ಹಾಕಲು ಬ್ಲಡ್‌ವರ್ಮ್ ಸ್ಲ್ಯಾಬ್ ತೆಗೆದೆ. ಮೀನಿಗೆ ತಿನ್ನಿಸುವ ಕೆಂಪು ಹುಳವನ್ನು ಕ್ಯೂಬ್‌ಗಳಾಗಿ ಹೆಪ್ಪುಗಟ್ಟಿಸಿದ ಹಲಗೆ ಅದು. ಪ್ರತಿ ಕ್ಯೂಬ್‌ನಲ್ಲೂ ಹುಳ ಒಂದು ಮೂಲೆಗೆ ಇಳಿದು, ಉಳಿದದ್ದು ಬರೀ ಕೆಂಪು ಐಸ್. ಅನುಮಾನ ಬಂತು. ಮ್ಯಾನೇಜರ್ ನೋಡಿ, 'ಗಟ್ಟಿಯಾಗೇ ಇದೆಯಲ್ಲ, ಹಾಕಿ' ಎಂದರು.

ಒಂದು ಕ್ಯೂಬನ್ನು ಕಪ್‌ನಲ್ಲಿ ಟ್ಯಾಂಕ್ ನೀರಿಗೆ ಬಿಟ್ಟೆ. ಅದು ಕರಗುವಷ್ಟು ಹೊತ್ತು ಅವರು ಪಕ್ಕದಲ್ಲೇ ನಿಂತು ವಾಚ್ ನೋಡುತ್ತಿದ್ದರು. ಗಾಜಿನ ಹತ್ತಿರ ಮೀನುಗಳು ಗುಂಪುಗೂಡಿದ್ದವು. ಹಸಿದ ಮೀನು ಒಂದು ಕಡೆ, ಅವಸರದ ಬಾಸ್ ಇನ್ನೊಂದು ಕಡೆ. ಆಗ ಕೈ ತಡೆದುಕೊಳ್ಳುವುದು ತುಂಬಾ ಕಷ್ಟ. ಒಳ್ಳೆಯ ಹುಳ ಕರಗಿದಾಗ ಇಡಿಯಾಗಿ ಬಿಡಿಸಿಕೊಳ್ಳುತ್ತದೆ, ಒಳಗೆ ಕೆಂಪು ತುಂಬಿರುತ್ತದೆ. ಇಲ್ಲಿ ತೇಲಿದ್ದು ಖಾಲಿ ಸಿಪ್ಪೆ. ನೀರು ಕಡು ಕೆಂಪು, ಜೊತೆಗೆ ಕೊಳೆತ ವಾಸನೆ.

ನಿಧಾನವಾಗಿ ಮತ್ತೆ ಹೆಪ್ಪುಗಟ್ಟಿದರೆ ಐಸ್ ಹರಳು ದೊಡ್ಡದಾಗಿ ಬೆಳೆದು ಹುಳದ ಮೈ ಒಡೆಯುತ್ತದೆ. ಕರಗಿದ್ದ ಹೊತ್ತಿನಲ್ಲಿ ಬ್ಯಾಕ್ಟೀರಿಯಾ ಬೇರೆ ಹೆಚ್ಚಿರುತ್ತವೆ. ಫ್ರೀಜ್ ಆದರೆ ಅವೆಲ್ಲ ಸಾಯುವುದಿಲ್ಲ, ಬಹಳಷ್ಟು ಸುಮ್ನೆ ನಿಂತಿರುತ್ತವೆ ಅಷ್ಟೇ. ಡಿಸ್ಕಸ್ ಟ್ಯಾಂಕ್ 28-30 ಡಿಗ್ರಿ ಇರುತ್ತದೆ. ಆ ಬಿಸಿಗೆ ಉಳಿದದ್ದು ಬೇಗ ಕೊಳೆತು, ಮೀನಿಗೆ ವಿಷವಾದ ಅಮೋನಿಯಾ ಏರುತ್ತದೆ. ಇಡೀ ಬಾಕ್ಸ್ ಕಸಕ್ಕೆ ಹಾಕಿಸಿದೆ, ಜಗಳವೂ ಆಯಿತು. ಅವತ್ತು ಮೀನಿಗೆ ಪೆಲೆಟ್, ಅಂದರೆ ಒಣ ಗುಳಿಗೆ ಆಹಾರ.

ಒಳ್ಳೆಯ ಸ್ಲ್ಯಾಬ್ ಆದರೂ ನೇರವಾಗಿ ಟ್ಯಾಂಕ್‌ಗೆ ಎಸೆಯಬಾರದು. ಕಪ್‌ನಲ್ಲಿ ಕರಗಿಸಿ, ಸಣ್ಣ ಕಣ್ಣಿನ ನೆಟ್‌ಗೆ ಸುರಿದು, ತಣ್ಣೀರಲ್ಲಿ ತೊಳೆದು, ಕೆಂಪು ನೀರು ಚೆಲ್ಲಿಬಿಡಿ. ಬಿಸಿನೀರು ಬೇಡವೇ ಬೇಡ. ಕೆಲವೇ ನಿಮಿಷದಲ್ಲಿ ತಿಂದು ಮುಗಿಸುವಷ್ಟು ಹಾಕಿ, ಉಳಿದರೆ ಸೈಫನ್ ಪೈಪ್‌ನಿಂದ ಹೀರಿ ತೆಗೆಯಿರಿ. ಕಪ್‌ನಲ್ಲಿ ಮಿಕ್ಕಿದ್ದನ್ನು ಮತ್ತೆ ಫ್ರೀಜರ್‌ಗೆ ಇಡಬೇಡಿ.

ಗ್ಲೌಸ್ ಹಾಕಿಕೊಳ್ಳಿ. ಈ ಹುಳದ ಹಿಮೋಗ್ಲೋಬಿನ್‌ಗೆ ಕೆಲವರಿಗೆ ಅಲರ್ಜಿ ಬರುತ್ತದೆ, ತುರಿಕೆಯಿಂದ ಹಿಡಿದು ಆಸ್ತಮಾದವರೆಗೆ. ನಮ್ಮ ಸಹೋದ್ಯೋಗಿಯೊಬ್ಬರು ಬರಿಗೈಯಲ್ಲೇ ಕಣ್ಣು ಉಜ್ಜಿಕೊಂಡು, ರೆಪ್ಪೆ ಊದಿ, ರಜೆ ಹಾಕಬೇಕಾಯಿತು. ಗ್ಲೌಸ್ ತರಿಸಿ ಎಂದರೆ ಖರ್ಚು ಜಾಸ್ತಿ ಎನ್ನುತ್ತಾರೆ. ಒಂದು ಬಾಕ್ಸ್ ಹುಳ ಎಸೆದದ್ದು ಖರ್ಚಲ್ವಾ?

ಫ್ರೀಜರ್‌ಗೆ ಬೇರೆ ಸಾಕೆಟ್ ಬೇಕು ಅಂತ ಬರೆದುಕೊಟ್ಟಿದ್ದೇನೆ. ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಪ್ಲಗ್ಗಿಗೆ ಟೇಪ್ ಸುತ್ತಿಟ್ಟಿದ್ದೇನೆ.