ಮಳೆಗೆ ಬಾಗಿದ ಮಾಡು
ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋದಾಗೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಮಾಡಿನ ಕಡೆಗೇ. 1430ರಲ್ಲಿ ಕಟ್ಟಿದ್ದು. ಬೇಲೂರಿನಲ್ಲಿ ಚಪ್ಪಟೆ ಮಾಡು ನಡೆಯಿತು, ಕರಾವಳಿಯ ಮಳೆಗೆ ಅದೆಲ್ಲ ಆಗುವ ಮಾತಲ್ಲ. ಹಾಗಾಗಿ ಉದ್ದುದ್ದ ಕಲ್ಲಿನ ಚಪ್ಪಡಿಗಳನ್ನೇ ಹಂಚಿನ ಹಾಗೆ ಇಳಿಜಾರಾಗಿ ಹೊದಿಸಿದ್ದಾರೆ! ಮೇಲಿನ ಅಂತಸ್ತು ಮರದ್ದು, ಅದಕ್ಕೆ ತಾಮ್ರದ ಹೊದಿಕೆ. ಒಳಗೆ ಬಂದರೆ ಜೈನರ ಭಕ್ತಿ, ಕಂಬ ಕಂಬಕ್ಕೂ ಬೇರೆ ಬೇರೆ ಕೆತ್ತನೆ.

ಈಗ ಅದೇ ಊರುಗಳಲ್ಲಿ ಸಮತಟ್ಟು ತಾರಸಿ ಹಾಕುತ್ತೇವೆ. ಸೋರಲು ಶುರುವಾದ ಮೇಲೆ ಅದರ ಮೇಲೊಂದು ತಗಡಿನ ಶೀಟು. ನೋಡಿದರೆ ತುಂಬಾ ಬೇಜಾರಾಗುತ್ತದೆ. ಕರಾವಳಿಯಲ್ಲಿ ಮನೆ ಕಟ್ಟಿಸುವವರು ಜುಲೈ ತಿಂಗಳಲ್ಲಿ ಒಮ್ಮೆ ಈ ಬಸದಿಗೆ ಹೋಗಿ. ಜಗಲಿಯಲ್ಲಿ ಸುಮ್ನೆ ನಿಂತು, ಆ ಮಾಡಿನಿಂದ ನೀರು ಹೇಗೆ ಇಳಿಯುತ್ತದೆ ನೋಡಿ. ಸಾಧ್ಯವಾದರೆ ಎಂಜಿನಿಯರನ್ನೂ ಕರೆದುಕೊಂಡು ಹೋಗಿ.