ಮಿಯಾಟಾದ ಸಾಫ್ಟ್ ಟಾಪ್: ನೀವೇ ಹಾಕ್ತೀರಾ, ಅಂಗಡಿಗೆ ಕೊಡ್ತೀರಾ?

ಮಜ್ದಾ ಮಿಯಾಟಾ ಎರಡು ಸೀಟಿನ ತೆರೆದ ಕಾರು; ಅದರ ಮೊದಲ ತಲೆಮಾರಿನ ಸಾಫ್ಟ್ ಟಾಪ್, ಅಂದರೆ ಬಟ್ಟೆಯ ಛಾವಣಿ, ಕೈಯಲ್ಲೇ ಮಡಚುವಂಥದ್ದು. ಸ್ಪ್ಯಾನರ್ ಹಿಡಿದು ರೂಢಿಯಿದ್ದರೆ ಹಳೆಯದನ್ನು ತೆಗೆದು ಹೊಸದನ್ನು ಶನಿವಾರ, ಭಾನುವಾರದಲ್ಲಿ ನೀವೇ ಹಾಕಬಹುದು. 10 ಎಂಎಂ ಸಾಕೆಟ್, ಡ್ರಿಲ್, ರಿವೆಟ್ ಗನ್, ಕಾಂಟ್ಯಾಕ್ಟ್ ಅಂಟು ಇರಲಿ.

ನಿಜವಾದ ತಲೆನೋವು ಹಿಂಭಾಗದ್ದು. ಸೀಟಿನ ಹಿಂದಿನ ಕಾರ್ಪೆಟ್ ಎತ್ತಿದರೆ ಮೂರು ಲೋಹದ ಪಟ್ಟಿಗಳು, ಸಾಲಾಗಿ ನಟ್‌ಗಳು. ಅವುಗಳ ಹಿಡಿತದಲ್ಲೇ ರೇನ್ ರೇಲ್ ಎಂಬ ಪ್ಲಾಸ್ಟಿಕ್ ಕಾಲುವೆ ಇರುತ್ತದೆ. ಟಾಪ್ ಮೇಲಿಂದ ಇಳಿದ ನೀರನ್ನು ಎರಡೂ ಮೂಲೆಯ ಡ್ರೈನ್‌ಗಳಿಗೆ (ನೀರು ಹೊರಹೋಗುವ ಕೊಳವೆಗಳಿಗೆ) ಸಾಗಿಸುವುದು ಇದೇ. ಹಳೆಯದು ಬಿಸ್ಕತ್ತಿನಂತೆ ಮುರಿಯುತ್ತದೆ; ಉಳಿಸಿಕೊಳ್ಳಲು ಹೋಗಬೇಡಿ, ಹೊಸ ರೇಲ್ ಹೊಲಿದೇ ಬರುವ ಟಾಪ್ ಕೊಳ್ಳಿ. ಡ್ರೈನ್‌ಗಳನ್ನು ಈಗಲೇ ಶುಚಿ ಮಾಡಿ. ಕಟ್ಟಿಕೊಂಡರೆ ನೀರು ಒಳಗೆ ನಿಂತು, ಬಾಗಿಲ ಕೆಳಗಿನ ಸಿಲ್ ಒಳಗಿಂದಲೇ ತುಕ್ಕು ಹಿಡಿಯುತ್ತದೆ.

ಬಟ್ಟೆಯ ಪಕ್ಕದ ಅಂಚನ್ನು ಬಿಗಿಯಾಗಿ ಹಿಡಿಯುವ ಟೆನ್ಷನ್ ಕೇಬಲ್ ಎಳೆದು ತೆಗೆಯುವ ಮುನ್ನ ಅದರ ತುದಿಗೆ ದಾರ ಕಟ್ಟಿ. ಹೊಸದನ್ನು ತೂರಿಸಲು ಅನುಕೂಲ. ಹೊಸ ಬಟ್ಟೆ ಬಿಗಿಯಾಗಿರುತ್ತದೆ, ಟಾಪ್ ಅನ್ನು ಮುಂಗಾಜಿನ ಚೌಕಟ್ಟಿಗೆ ಹಿಡಿಸುವ ಲ್ಯಾಚ್ ಕೂರದಿದ್ದರೆ ಬಲವಂತ ಬೇಡ. ಬಿಸಿಲಲ್ಲಿಟ್ಟರೆ ಸಡಿಲವಾಗುತ್ತದೆ.

ಮೋಟರ್, ಹೈಡ್ರಾಲಿಕ್, ಒಳಗೆ ಹೆಡ್‌ಲೈನರ್ (ಛಾವಣಿಯ ಒಳಬಟ್ಟೆ) ಇರುವ ನಾಲ್ಕು ಸೀಟಿನ ಕಾರಾದರೆ ಮಾತ್ರ ಟ್ರಿಮ್ಮರ್, ಅಂದರೆ ಕಾರಿನ ಸೀಟು, ಟಾಪ್ ಬಟ್ಟೆ ಕೆಲಸ ಮಾಡುವವರ ಹತ್ತಿರ ಹೋಗಿ. ಅಲ್ಲಿ ಸ್ಟೇಪಲ್ ಒಂದು ಸೆಂಟಿಮೀಟರ್ ಆಚೀಚೆಯಾದರೂ ಬಟ್ಟೆ ಸುಕ್ಕಾಗಬಹುದು, ಗಾಜಿನ ಅಂಚಲ್ಲಿ ಗಾಳಿ ಶಿಳ್ಳೆ ಹೊಡೆಯಬಹುದು. ಕೊಡುವ ಮೊದಲು, ಸೋರಿದರೆ ಮತ್ತೆ ಬಿಚ್ಚಿ ಸರಿಮಾಡಿಕೊಡುತ್ತಾರಾ ಅಂತ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.